ಹುಲ್ಲೆಂದು ಕಿತ್ತವರಿಗೆ

ಕಳೆದ ಸೆಪ್ಟೆಂಬರಿನಲ್ಲಿ, ಮೇಲಧಿಕಾರಿಗಳ ತಪಾಸಣೆಗೆ ಎರಡು ದಿನ ಮುಂಚೆ, ತಳೇಗಾಂವ ದಾಭಾಡೆಯ ನಮ್ಮ ವಸತಿಗೃಹಗಳ ಹಿಂದಿನ ಪಾತಿಗಳನ್ನು ಸ್ವಚ್ಛಗೊಳಿಸಲಾಯಿತು. ಸಂಜೆ ಕಚೇರಿಯಿಂದ ಮರಳಿದಾಗ ಮಣ್ಣು ಬೋಳಾಗಿತ್ತು. ಅಂಚಿನ ಇಟ್ಟಿಗೆಗಳಿಗೆ ಒಂದಕ್ಕೆ ಕೆಮ್ಮಣ್ಣು, ಇನ್ನೊಂದಕ್ಕೆ ಸುಣ್ಣ ಬಳಿದಿದ್ದರು. ಮೂಲೆಯ ಕಸದ ರಾಶಿಯಲ್ಲಿ ನಾವು ಬೀಜದಿಂದ ಎಬ್ಬಿಸಿದ್ದ ಇನ್ನೂರಕ್ಕೂ ಹೆಚ್ಚು ಮಳೆ ಲಿಲ್ಲಿಯ ಸಸಿಗಳಿದ್ದವು. ಅವುಗಳ ಕೆಳಗೆ, ಎರಡು ಮಳೆಗಾಲ ಕಂಡು ಸಾಂಬಾರ್ ಈರುಳ್ಳಿಯಷ್ಟು ದಪ್ಪಗಾಗಿದ್ದ ನಲವತ್ತು ಹಿಪ್ಪಿಯಾಸ್ಟ್ರಮ್ ಗೆಡ್ಡೆಗಳು, ಅರ್ಧದಷ್ಟು ಗುದ್ದಲಿಯ ಏಟಿಗೆ ಸೀಳಿಹೋಗಿ.

ಕಿತ್ತವರನ್ನು ನಾವು ದೂರುವುದಿಲ್ಲ. ಮಳೆ ಲಿಲ್ಲಿಯ ಸಸಿ ಮೊದಲ ವರ್ಷ ಹುಲ್ಲಿನಂತೆಯೇ ಇರುತ್ತದೆ. ನಮ್ಮ ಮನೆಗಳಿಗೆ ಬರುವ ವಿದ್ಯಾವಂತ ಅತಿಥಿಗಳೂ ಅದನ್ನು ಹುಲ್ಲೆಂದೇ ತಿಳಿದಿದ್ದರು. ಗುತ್ತಿಗೆದಾರರ ಮೇಲ್ವಿಚಾರಕರು ನಿಜಕ್ಕೂ ನೊಂದುಕೊಂಡರು. "ಹುಲ್ಲು ಅಂದುಕೊಂಡೆವು ಸಾಹೇಬ್. ಚಿಂತೆ ಬಿಡಿ, ನರ್ಸರಿಯಿಂದ ಗೆಡ್ಡೆ ತರಿಸಿ ಹಾಕಿಸುತ್ತೇವೆ. ಇದಕ್ಕಿಂತ ಬೇಗ ಹೂ ಬರುತ್ತದೆ" ಎಂದರು. ಒಳ್ಳೆಯ ಮನಸ್ಸಿನಿಂದ ಆಡಿದ ಮಾತು. ಅದರಲ್ಲಿ ಸುಳ್ಳೂ ಇಲ್ಲ. ಆದರೆ ಈ ಲೇಖನ ಆ ಒಂದು ಮಾತಿನ ವಿರುದ್ಧವೇ ಇದೆ. ಏಕೆಂದರೆ ಅದು ಅವರೊಬ್ಬರ ಮಾತಲ್ಲ; ನಮ್ಮ ಇಡೀ ಮಧ್ಯಮ ವರ್ಗದ ತೋಟಗಾರಿಕೆ ನಿಂತಿರುವುದೇ ಆ ಮಾತಿನ ಮೇಲೆ.

ನಾವು ಎಂದರೆ ನಾಲ್ಕು ಮನೆಯವರು. ವಿಜಯಪುರ, ಶಿರಸಿ, ಮಂಡ್ಯ, ಕಲಬುರಗಿ ಎಂದು ನಾಲ್ಕು ದಿಕ್ಕಿನಿಂದ ಬಂದು, ಕೇಂದ್ರ ಸರ್ಕಾರದ ಸಂಬಳದ ನೆವದಲ್ಲಿ ಪುಣೆಗೂ ಲೋಣಾವಳಕ್ಕೂ ನಡುವಿನ ಈ ಊರಿನಲ್ಲಿ ಕೂಡಿದವರು. ನಮ್ಮಲ್ಲಿ ಸಸ್ಯಶಾಸ್ತ್ರ ಓದಿದವರು ಯಾರೂ ಇಲ್ಲ. ಈ ಸಾಲುಗಳನ್ನು ಬರೆಯುತ್ತಿರುವವರು ಓದಿದ್ದು ಇಂಗ್ಲಿಷ್ ಸಾಹಿತ್ಯ. ಕನ್ನಡ ಮಾತಾಡುವುದಕ್ಕೊಂದು ಕಾರಣ ಬೇಕಾಗಿತ್ತು, ಸಂಜೆಗೊಂದು ಕೆಲಸ ಬೇಕಾಗಿತ್ತು, ಹಿತ್ತಲಿನಲ್ಲಿ ಮಣ್ಣಿತ್ತು. ಹೀಗೆ ಶುರುವಾದದ್ದು.

ಮೊದಲಿಗೆ ಎಲ್ಲರಂತೆ ನಾವೂ ಗೆಡ್ಡೆ ಕೊಂಡೆವು. ಹಾಲೆಂಡಿನಿಂದ ಬಂದ ಏಷಿಯಾಟಿಕ್ ಲಿಲ್ಲಿಯ ಗೆಡ್ಡೆಗಳು, ಚೀಲದ ಮೇಲೆ ಅಂಗೈಯಗಲದ ಹೂವಿನ ಚಿತ್ರ. ಚಿತ್ರದಲ್ಲಿದ್ದಂತೆಯೇ ಹೂ ಬಂತು. ಮನೆಮಂದಿಯೆಲ್ಲ ಅದರ ಪಕ್ಕ ನಿಂತು ಪಟ ತೆಗೆಸಿಕೊಂಡೆವು. ಮರುವರ್ಷ ಅದೇ ಕುಂಡದಲ್ಲಿ ನಾಲ್ಕು ಬಡಕಲು ಎಲೆ ಬಂದವು, ಹೂವಿಲ್ಲ. ಮೂರನೆಯ ವರ್ಷ ಏನೂ ಇಲ್ಲ. ನಮ್ಮ ಕೈಗುಣವೇ ಸರಿಯಿಲ್ಲವೆಂದು ಬಹಳ ದಿನ ಕೊರಗಿದೆವು. ಆಮೇಲೆ ತಿಳಿಯಿತು: ಆ ಜಾತಿಯ ಲಿಲ್ಲಿಗೆ ಹೂ ಬಿಡಲು ವಾರಗಟ್ಟಲೆ ಚಳಿ ಬೇಕು, ಎರಡರಿಂದ ಐದು ಡಿಗ್ರಿಯ ಶೈತ್ಯಾಗಾರದಲ್ಲಿ ಒಂದೂವರೆ ಎರಡು ತಿಂಗಳು ಮಲಗಿಸಿಯೇ ಅದನ್ನು ಮಾರಾಟಕ್ಕೆ ಕಳಿಸುತ್ತಾರೆ. ದಖ್ಖನಿನ ಚಳಿಗಾಲ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಅಂದರೆ ನಾವು ಕೊಂಡದ್ದು ಗಿಡವನ್ನಲ್ಲ, ಹೂಬಾಣವನ್ನು. ಯಾರೋ ಎಲ್ಲೋ ತುಂಬಿಟ್ಟ ಮದ್ದಿಗೆ ನಾವು ನೀರೆಂಬ ಕಿಡಿ ತೋರಿಸಿದ್ದೆವು, ಅಷ್ಟೆ. ಒಮ್ಮೆ ಚಿಮ್ಮಿತು, ಆರಿತು.

ಇದನ್ನು ಮೋಸ ಎನ್ನುವುದು ತಪ್ಪಾದೀತು. ನಮ್ಮ ಊರಿನ ಬಳಿಯೇ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ ಪುಷ್ಪೋದ್ಯಮ ಪಾರ್ಕ್ ಇದೆ. ಸಾಲುಸಾಲು ಪಾಲಿಹೌಸುಗಳಲ್ಲಿ ಗುಲಾಬಿ, ಜರ್ಬೆರಾ. ಫೆಬ್ರವರಿ 14ಕ್ಕೆ ಮುಂಚಿನ ವಾರಗಳಲ್ಲಿ ಗುಲಾಬಿಯ ಪೆಟ್ಟಿಗೆಗಳು ವಿಮಾನ ಹತ್ತುವ ಗಡಿಬಿಡಿ. ಅಲ್ಲಿ ಸಾವಿರ ಹೂವೂ ಒಂದೇ ಅಳತೆ, ಒಂದೇ ಬಣ್ಣ, ಒಂದೇ ದಿನಕ್ಕೆ ಬರಬೇಕು. ಅದಕ್ಕೆ ಒಂದೇ ತಾಯಿಯ ತುಂಡುಗಳೇ ಬೇಕು, ಬೀಜ ಕೆಲಸಕ್ಕೆ ಬಾರದು. ಸಾಲ ಮಾಡಿ ಪಾಲಿಹೌಸ್ ಕಟ್ಟಿದ ರೈತನಿಗೆ ಬೀಜದ ಮಹಿಮೆ ಬೋಧಿಸಲು ಹೊರಟರೆ ನಮ್ಮನ್ನು ಮೂರ್ಖರೆನ್ನಬೇಕು. ನಮ್ಮ ಜಗಳ ಅವನೊಂದಿಗಲ್ಲ. ಮಾರಾಟ ಮಾಡಬೇಕಾಗಿಲ್ಲದ, ಲೆಕ್ಕ ಒಪ್ಪಿಸಬೇಕಾಗಿಲ್ಲದ, ತಿಂಗಳ ಕೊನೆಗೆ ಸಂಬಳ ಬರುವ ನಮ್ಮಂಥವರು ಆ ರೈತನ ಅವಸರವನ್ನು ಯಾಕೆ ಎರವಲು ತಂದುಕೊಂಡಿದ್ದೇವೆ ಎಂಬುದು ನಮ್ಮ ಪ್ರಶ್ನೆ. ಅವನಿಗೆ ಅದು ಅನ್ನ. ನಮಗೆ?

ಗೆಡ್ಡೆ ಎಂಬುದರ ಸ್ವಭಾವವನ್ನು ಸ್ವಲ್ಪ ನೋಡೋಣ. ತಾಯಿಗೆಡ್ಡೆಯ ಪಕ್ಕದಲ್ಲಿ ಮರಿಗೆಡ್ಡೆ ಹುಟ್ಟುತ್ತದೆ. ಅದು ಮಗಳಲ್ಲ, ತಾಯಿಯೇ. ಒಂದೇ ಗಿಡ ನೂರು ಹಿತ್ತಿಲುಗಳಲ್ಲಿ ನೂರು ಗಿಡವಾಗಿ ತೋರುತ್ತದೆ. ತಾಯಿಗೆ ಎಲೆಯ ಮೇಲೆ ಹಳದಿ ಪಟ್ಟೆ ಮೂಡಿಸುವ ನಂಜುರೋಗ ತಗಲಿದ್ದರೆ ಅದೂ ಮರಿಗೆ ಉಂಬಳಿಯಾಗಿ ಬರುತ್ತದೆ, ಮರಿಯ ಮರಿಗೂ. ಲಿಲ್ಲಿ, ಹಿಪ್ಪಿಯಾಸ್ಟ್ರಮ್‌ಗಳ ಇಂಥ ನಂಜು ಸಾಮಾನ್ಯವಾಗಿ ಬೀಜಕ್ಕೆ ದಾಟುವುದಿಲ್ಲ. ಕೀವು ಹಿಡಿದ ವಂಶವನ್ನು ಬೀಜ ತೊಳೆದು ಕೊಡುತ್ತದೆ. ಇದೊಂದೇ ಕಾರಣ ಸಾಕಿತ್ತು, ಕಾಯಿಗಳನ್ನು ಗಿಡದ ಮೇಲೆ ಉಳಿಸಲು. ಆದರೆ ನಮ್ಮ ತೋಟಗಾರಿಕೆಯ ಪುಸ್ತಕಗಳೂ ಮಾಲಿಗಳೂ ಒಕ್ಕೊರಲಿನಿಂದ ಹೇಳುವುದೇನು? ಹೂ ಬಾಡಿದ ಕೂಡಲೇ ಕತ್ತರಿಸಿ, ಕಾಯಿ ಕಟ್ಟಲು ಬಿಟ್ಟರೆ ಗೆಡ್ಡೆಯ ಶಕ್ತಿ ಹೋಗುತ್ತದೆ. ಹೋಗುತ್ತದೆ, ನಿಜ. ಹೆತ್ತರೆ ಯಾವ ತಾಯಿಯ ಶಕ್ತಿ ಹೋಗುವುದಿಲ್ಲ?

ನಮ್ಮ ಅಜ್ಜಿಯರ ಅಂಗಳದಲ್ಲೆಲ್ಲ ಇದ್ದ, ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಎಲೆಗಿಂತ ಮೊದಲೇ ದಂಟೆತ್ತಿ ಕೆಂಪು ಕಹಳೆ ಊದುವ ಹೂವಿನಿಂದ ನಾವು ಆರಂಭಿಸಿದೆವು. ಅದನ್ನು ಎಲ್ಲರೂ ಅಮರಿಲ್ಲಿಸ್ ಎನ್ನುತ್ತಾರೆ. ಶಾಸ್ತ್ರದ ಪ್ರಕಾರ ಹಿಪ್ಪಿಯಾಸ್ಟ್ರಮ್, ಊರು ದಕ್ಷಿಣ ಅಮೆರಿಕ. ಅಮರಿಲ್ಲಿಸ್ ಎಂಬ ಹೆಸರಿನ ನಿಜವಾದ ಹಕ್ಕುದಾರ ದಕ್ಷಿಣ ಆಫ್ರಿಕಾದ ಬೇರೊಂದು ಗಿಡ. ಹೆಸರು ಮಾತ್ರ ವರ್ಜಿಲನ ಗೋಪಗೀತೆಗಳ ಕುರಿಗಾಹಿ ಹುಡುಗಿಯದು. ಮಿಲ್ಟನ್ 'ಲಿಸಿಡಾಸ್'ನಲ್ಲಿ ಅವಳನ್ನು ಮತ್ತೆ ನೆನೆಯುತ್ತಾನೆ. ಎಂ.ಎ. ತರಗತಿಯಲ್ಲಿ ಅಡಿಟಿಪ್ಪಣಿಯಾಗಿ ಓದಿದ ಹುಡುಗಿ ತಳೇಗಾಂವದ ಸರ್ಕಾರಿ ಹಿತ್ತಲಿನಲ್ಲಿ ಸಿಕ್ಕಾಳೆಂದು ಯಾರು ಎಣಿಸಿದ್ದರು!

ಮಾಡುವ ಕೆಲಸ ಏನೂ ಕಠಿಣವಲ್ಲ. ಬೆಳಿಗ್ಗೆ ಅರಳಿದ ಹೂವಿನಿಂದ ಒಂದು ಕೇಸರವನ್ನು ಚಿವುಟಿ, ಅದರ ಹಳದಿ ಹುಡಿಯನ್ನು ಇನ್ನೊಂದು ಗಿಡದ ಹೂವಿನ ನಡುವಿನ, ಮೂರಾಗಿ ಸೀಳಿದ ತುದಿಗೆ ಸವರಬೇಕು. ಎಷ್ಟೋ ಗಿಡಗಳು ತಮ್ಮದೇ ಪರಾಗವನ್ನು ಒಪ್ಪುವುದಿಲ್ಲ. ಬೇರೊಂದು ಗಿಡದ್ದೇ ಬೇಕು. ಮರಿಗೆಡ್ಡೆ ಹಂಚಿಕೊಂಡ ಓಣಿಯಲ್ಲಿ ಎಲ್ಲರ ಮನೆಯದೂ ಒಂದೇ ಗಿಡವಾದ್ದರಿಂದ ಓಣಿ ದಾಟಿ ಹೋಗಬೇಕಾಗುತ್ತದೆ. ನಮ್ಮ ಮಂಡ್ಯದ ಗೆಳೆಯರು ಸ್ಟೇಷನ್ ಆಚೆಯ ಒಬ್ಬ ವೃದ್ಧ ಮರಾಠಿ ದಂಪತಿಯ ಬಿಳಿಗೆರೆಯ ಹೂವಿನ ಪರಾಗವನ್ನು ಬೆಂಕಿಪೊಟ್ಟಣದಲ್ಲಿ ತಂದರು. ಮೂರು ವರ್ಷ ಒಂದೇ ಊರಿನಲ್ಲಿದ್ದೂ ಆ ಮನೆಯ ಗೇಟನ್ನು ನಾವು ತಟ್ಟಿರಲಿಲ್ಲ. ಐದು ವಾರಕ್ಕೆ ಕಾಯಿ ಹಳದಿಯಾಗಿ ಮೂರು ಹೋಳಾಗಿ ಬಿರಿಯಿತು. ಒಳಗೆ ಸುಟ್ಟ ಕಾಗದದ ಚೂರುಗಳನ್ನು ಒತ್ತೊತ್ತಾಗಿ ಪೇರಿಸಿಟ್ಟಂತೆ ಕಪ್ಪು ಬೀಜಗಳು. ಅವು ತಾಜಾ ಇರುವಾಗಲೇ ಮರಳು ಬೆರೆಸಿದ ಮಣ್ಣಿನ ಮೇಲೆ ಹರಡಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿದರೆ ಎರಡು ಮೂರು ವಾರದಲ್ಲಿ ಹಸಿರು ಸೂಜಿಗಳು ಏಳುತ್ತವೆ. ಅಲ್ಲಿಂದ ಮೂರು ವರ್ಷ ಕಾಯಬೇಕು.

ಈ ಮೂರು ವರ್ಷವೇ ನಮ್ಮ ವಿರೋಧಿಗಳ ಬ್ರಹ್ಮಾಸ್ತ್ರ. "ನಮ್ಮದು ವರ್ಗಾವಣೆಯ ನೌಕರಿ. ಮೂರು ನಾಲ್ಕು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುವವರು. ನಾವು ಬಿತ್ತಿದ್ದರ ಹೂ ನಾವೇ ನೋಡುವುದಿಲ್ಲವಲ್ಲ?" ಎನ್ನುತ್ತಾರೆ ಸಹೋದ್ಯೋಗಿಗಳು. ಇದಕ್ಕೆ ಉತ್ತರವಾಗಿ ಮಾವಿನ ಗಿಡ ನೆಟ್ಟ ಮುದುಕನ ಕತೆ ಹೇಳುವುದು ರೂಢಿ. ನಮಗೆ ಆ ಕತೆ ಅಷ್ಟು ಹಿಡಿಸುವುದಿಲ್ಲ. ಅದು ತ್ಯಾಗದ ಕತೆ, ನಮ್ಮದು ತ್ಯಾಗವಲ್ಲ. ಕುಂಡವನ್ನು ಲಾರಿಗೆ ಏರಿಸಬಹುದು. ಅದಕ್ಕಿಂತ ಮುಖ್ಯವಾಗಿ, ಆ ಮೂರು ವರ್ಷ ನಾವು ಬಿತ್ತಲಿ ಬಿಡಲಿ ಕಳೆದೇ ಹೋಗುತ್ತದೆ. ನಾವು ಈ ಊರಿಗೆ ಬಂದ ವಾರವೇ ಬಿತ್ತಿದ್ದರೆ ಹೊರಡುವ ವಾರಕ್ಕೆ ಹೂ ಬರುತ್ತಿತ್ತು. ಬಾರದಿದ್ದುದಕ್ಕೆ ಕಾರಣ ವರ್ಗಾವಣೆಯಲ್ಲ. ಬಂದ ಊರನ್ನು ಊರೆಂದೇ ಒಪ್ಪದ ನಮ್ಮ ಬುದ್ಧಿ. ಪರದೆಗೆ ಮೊಳೆ ಹೊಡೆಯಲೂ ಹಿಂಜರಿದು, ಪೆಟ್ಟಿಗೆ ಬಿಚ್ಚದೆಯೇ ಮೂರು ವರ್ಷ ದೂಡುವ ಮನೆಗಳನ್ನು ನಾವು ಕಂಡಿದ್ದೇವೆ. ನಮ್ಮವೂ ಹಾಗೆಯೇ ಇದ್ದವು.

ಇನ್ನೊಂದು ಆಕ್ಷೇಪ: ಇದೆಲ್ಲ ವಿಜ್ಞಾನಿಗಳ ಕೆಲಸ, ಗುಮಾಸ್ತರಿಗೇಕೆ? ಹಿಪ್ಪಿಯಾಸ್ಟ್ರಮ್‌ನ ಮೊತ್ತಮೊದಲ ಮಿಶ್ರತಳಿಯನ್ನು 1799ರಲ್ಲಿ ಎಬ್ಬಿಸಿದವನು ಆರ್ಥರ್ ಜಾನ್ಸನ್, ಇಂಗ್ಲೆಂಡಿನ ಲ್ಯಾಂಕಾಷೈರಿನ ಪ್ರೆಸ್ಕಟ್ ಎಂಬ ಊರಿನವನು. ವೃತ್ತಿಯಿಂದ ಗಡಿಯಾರ ತಯಾರಿಸುವವನು. ಕೆಂಪು ಜಾತಿಯೊಂದರ ಮೇಲೆ ಗೆರೆಯ ಜಾತಿಯೊಂದರ ಪರಾಗ ಸವರಿದ, ಕಾದ, ಕೆಂಪಿನ ನಡುವೆ ಬಿಳಿ ನಕ್ಷತ್ರದ ಹೂ ಬಂತು. ಆ ಗೆಡ್ಡೆಗಳನ್ನು ಲಿವರ್‌ಪೂಲಿನ ಸಸ್ಯೋದ್ಯಾನಕ್ಕೂ ಕೊಟ್ಟಿದ್ದ. ಅದೇ ಒಳ್ಳೆಯದಾಯಿತು, ಏಕೆಂದರೆ ಮುಂದೆ ಅವನ ಗಾಜಿನಮನೆ ಹಾಳಾಯಿತು. ಜಾನ್ಸನ್ನನ ಹೂ ಇಂದಿಗೂ ಅವನ ಹೆಸರಿನಲ್ಲೇ ಬದುಕಿದೆ. ಈ ಕುಲದ ಗಿಡಗಳ ಬಗ್ಗೆ 1837ರಲ್ಲಿ ದೊಡ್ಡ ಗ್ರಂಥ ಬರೆದ ವಿಲಿಯಂ ಹರ್ಬರ್ಟ್ ಇಗರ್ಜಿಯ ಪಾದ್ರಿ. ನಮ್ಮ ಸಹ್ಯಾದ್ರಿಯ ಬಿಳಿಯ ಕಾಡು ಲಿಲ್ಲಿ ಕ್ರೈನಮ್ ಬ್ರಾಕಿನೀಮಾಕ್ಕೆ ಹೆಸರಿಟ್ಟವನೂ ಅವನೇ. ಗಡಿಯಾರದವನಿಗೆ, ಪಾದ್ರಿಗೆ ಒಲಿದದ್ದು ಕಡತದವರಿಗೆ ಒಲಿಯಬಾರದೆಂದು ಯಾವ ಸೇವಾ ನಿಯಮದಲ್ಲೂ ಇಲ್ಲ.

ವಿಜ್ಞಾನಿಗಳ ಮಾತು ಬಂದದ್ದರಿಂದ ಹೆಸರಘಟ್ಟವನ್ನು ನೆನೆಯದಿರಲಾಗದು. ಪುಣೆಯ ಗುಲ್ಟೇಕಡಿ ಮಾರುಕಟ್ಟೆಯಲ್ಲಿ ನಿಶಿಗಂಧವೆಂದೂ ನಮ್ಮಲ್ಲಿ ಸುಗಂಧರಾಜವೆಂದೂ ಕರೆಸಿಕೊಳ್ಳುವ ಹೂ ಮೆಕ್ಸಿಕೊದಿಂದ ಬಂದದ್ದು. ರೈತರು ಅದನ್ನು ನೆಡುವುದು ಗೆಡ್ಡೆಯಿಂದ. ಶತಮಾನಗಳಿಂದ ಹೀಗೆ ಅದದೇ ಗಿಡಗಳು ತಮ್ಮನ್ನು ತಾವೇ ನಕಲು ಮಾಡಿಕೊಳ್ಳುತ್ತ ಬಂದಿದ್ದವು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಒಂಟಿ ಸುತ್ತಿನದನ್ನೂ ಜೋಡಿ ಸುತ್ತಿನದನ್ನೂ ಕೂಡಿಸಿ, ಬೀಜ ಪಡೆದು, ಸಸಿ ಎಬ್ಬಿಸಿ 'ಶೃಂಗಾರ್' ಎಂಬ ತಳಿ ತೆಗೆದರು. ಶೃಂಗಾರ್‌ಗೆ ಮೆಕ್ಸಿಕನ್ ಸಿಂಗಲ್ ಎಂಬುದನ್ನು ಕೂಡಿಸಿ 'ಪ್ರಜ್ವಲ್' ತೆಗೆದರು. ಮೊಗ್ಗಿನಲ್ಲಿ ನಸುಗೆಂಪು, ಅರಳಿದರೆ ಬಿಳಿ. ನಮ್ಮ ಮದುವೆಯ ಮಾಲೆಗಳಲ್ಲಿ, ಶವಯಾತ್ರೆಯ ಹಾರಗಳಲ್ಲಿ ಇರುವ ಎಷ್ಟೋ ಹೂಗಳ ಹಿಂದೆ ಒಮ್ಮೆ ಯಾರೋ ಕಾಯಿಯನ್ನು ಕತ್ತರಿಸದೆ ಬಿಟ್ಟ, ಸಸಿಯನ್ನು ಹುಲ್ಲೆಂದು ಕೀಳದ ಒಂದು ಪಾತಿ ಇದೆ. ಮಾಲೆ ಕಟ್ಟುವವರಿಗೂ ಕೊಳ್ಳುವವರಿಗೂ ಅದು ಗೊತ್ತಿಲ್ಲ.

ಇಲ್ಲಿಯವರೆಗಿನದು ಹಿತ್ತಲಿನ ಜಗಳ. ನಮಗೆ ನಿಜವಾಗಿ ಸಿಟ್ಟು ತರಿಸುವುದು ಬೆಟ್ಟದ ವಿಷಯ.

ತಳೇಗಾಂವಕ್ಕೆ ಪುಣೆಗಿಂತ ಮಳೆ ಹೆಚ್ಚು. ಜೂನ್ ಹಿಡಿದೊಡನೆ ಮಾವಳ ಸೀಮೆಯ ಬೋಳು ಗುಡ್ಡಗಳು ಒಳಗಿನಿಂದ ಎಚ್ಚರಾಗುತ್ತವೆ. ಎಂಟು ತಿಂಗಳು ಕಲ್ಲಿನ ಸಂದಿಯಲ್ಲಿ ಸತ್ತಂತೆ ಮಲಗಿದ್ದ ಗೆಡ್ಡೆಗಳೆಲ್ಲ ಕೆಲವೇ ದಿನಗಳಲ್ಲಿ ಹೂವಾಗುತ್ತವೆ: ಬಿಳಿಯ ಬಟ್ಟಲಿನ ಪಾಂಕ್ರೇಷಿಯಂ, ಮಚ್ಚೆ ಎಲೆಯ ಭುಯಿಕಾಂದಾ, ಮುಸಲಿ, ನಮ್ಮವರು ವಿಷಮುಂಗಲಿ ಎನ್ನುವ ಕ್ರೈನಮ್. ಆಗಸ್ಟ್ ವೇಳೆಗೆ ಬೇಲಿ ಪೊದೆಗಳ ಮೇಲೆ ಬೆಂಕಿಯ ನಾಲಗೆ ಚಾಚುವ ಗೌರಿ ಹೂ. ಮರಾಠಿಯಲ್ಲಿ ಕಳಲಾವಿ, ಸಂಸ್ಕೃತದಲ್ಲಿ ಅಗ್ನಿಶಿಖೆ. ಇವನ್ನು ನೋಡಲು ವಾರಾಂತ್ಯಕ್ಕೆ ಪುಣೆಯಿಂದ ಜನ ಬರುತ್ತಾರೆ, ಬರಲಿ. ಆದರೆ ಇಳಿಯುವಾಗ ಕೆಲವರ ಬೆನ್ನುಚೀಲದಲ್ಲಿ ಮಣ್ಣು ಮೆತ್ತಿದ ಗೆಡ್ಡೆಗಳಿರುತ್ತವೆ. ಕೇಳಿದರೆ "ಒಂದೇ ಒಂದು, ಮನೆಯ ಕುಂಡಕ್ಕೆ" ಎನ್ನುತ್ತಾರೆ. ಇನ್ನು ಕೆಲವರು ಮೊಬೈಲಿನಲ್ಲಿ ಪಟ ಹಾಕಿ "ಅಪರೂಪದ ಕಾಡು ಲಿಲ್ಲಿ" ಎಂದು ಮಾರುತ್ತಾರೆ. ಕೊಳ್ಳುವವರು ನಮ್ಮಂಥ ನಿಸರ್ಗಪ್ರಿಯರೇ. ಅರಣ್ಯದಿಂದ ಗಿಡ ಕೀಳುವುದು ಅಪರಾಧವೆಂಬುದು ಒತ್ತಟ್ಟಿಗಿರಲಿ, ಆ ಗೆಡ್ಡೆ ಅಷ್ಟು ದಪ್ಪವಾಗಲು ಕಲ್ಲಿನ ನಡುವೆ ಎಷ್ಟು ಮಳೆಗಾಲ ಕುಡಿದಿರಬೇಕು ಎಂದು ಬೀಜದಿಂದ ಒಂದನ್ನಾದರೂ ಬೆಳೆಸಿದವನಿಗೆ ಮಾತ್ರ ಗೊತ್ತಾಗುತ್ತದೆ. ಅದು ಗೊತ್ತಿದ್ದವನ ಕೈ ಸನಿಕೆಗೆ ಹೋಗುವುದಿಲ್ಲ.

ಮುಂಬಯಿ ಪ್ರಾಂತದ ಕಾಲದಲ್ಲಿ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತ, ಗಣೇಶಖಿಂಡದ ಸಸ್ಯೋದ್ಯಾನವನ್ನು ನೋಡಿಕೊಳ್ಳುತ್ತಿದ್ದ ಜಿ. ಎಂ. ವುಡ್ರೋ ಈ ದೇಶದ ತೋಟಗಾರರಿಗಾಗಿ 'ಗಾರ್ಡನಿಂಗ್ ಇನ್ ಇಂಡಿಯಾ' ಎಂಬ ಕೈಪಿಡಿ ಬರೆದವರು. ಅವರ ಹೆಸರು ಹೊತ್ತ ಕ್ರೈನಮ್ ವುಡ್ರೋವಿ ಸಾತಾರಾ ಜಿಲ್ಲೆಯ ಎತ್ತರದ ಕೆಲವು ನೆಲೆಗಳಲ್ಲಿ ಮಾತ್ರ ಉಂಟು. ಆ ಜಿಲ್ಲೆಯದೇ ಕಾಸ್ ಪ್ರಸ್ಥಭೂಮಿ 2012ರಲ್ಲಿ ಪಶ್ಚಿಮಘಟ್ಟದ ಭಾಗವಾಗಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಇಂಥ ನೆಲೆಗಳಿಂದ ಬೀಜವನ್ನೂ ನಾವು ಮುಟ್ಟುವುದಿಲ್ಲ, ಯಾರೂ ಮುಟ್ಟಬಾರದು. ಅಲ್ಲಿ ಬಿದ್ದ ಬೀಜ ಅಲ್ಲಿಯದೇ. ನಮ್ಮ ವಾದವಿರುವುದು ರಸ್ತೆಬದಿಯ ಬೇಲಿಯಲ್ಲಿ, ಹಳ್ಳಿಯವರ ಬದುವಿನಲ್ಲಿ ಧಾರಾಳವಾಗಿ ಸಿಗುವ ಗೌರಿ ಹೂವಿನಂಥವುಗಳ ಬಗ್ಗೆ. ಅದರ ಕೆಂಪು ಬೀಜಗಳನ್ನು ಮಾಲೀಕರನ್ನು ಕೇಳಿ ನಾಲ್ಕು ತಂದರೆ ಗಿಡಕ್ಕೆ ನಷ್ಟವಿಲ್ಲ, ಗೆಡ್ಡೆ ತಂದರೆ ಗಿಡವೇ ಇಲ್ಲ.

ಗೌರಿ ಹೂವಿನದು ವಿಚಿತ್ರ ಪಾಡು. ತಮಿಳುನಾಡಿನ ರೈತರು ಅದನ್ನು ಬೆಳೆಯುವುದೇ ಬೀಜಕ್ಕಾಗಿ. ಅದರಲ್ಲಿನ ಕೊಲ್ಚಿಸಿನ್ ಗೌಟ್ ಎಂಬ ಕೀಲುನೋವಿನ ಔಷಧಿಗೆ ಹೋಗುತ್ತದೆ. ಆದರೆ ಬೀಜಕ್ಕಾಗಿ ಬೆಳೆಯುವ ಬೆಳೆಯನ್ನು ನೆಡುವುದು ಗೆಡ್ಡೆಯಿಂದ, ಏಕೆಂದರೆ ಬೀಜದ ಗಿಡ ಹೂ ಬಿಡಲು ಮೂರು ನಾಲ್ಕು ವರ್ಷ ತಡೆಯುತ್ತದೆ. ಹೀಗಾಗಿ ಬೀಜದ ಮೂಟೆಗಳ ನಡುವೆಯೇ ಕಾಡಿನ ಗೆಡ್ಡೆಗೂ ಬೇಡಿಕೆ ಹುಟ್ಟಿತು. ಅದೇ ಕೊಲ್ಚಿಸಿನ್ ಗೆಡ್ಡೆಯನ್ನೂ ಬೀಜವನ್ನೂ ಪ್ರಾಣಾಂತಿಕ ವಿಷವಾಗಿಸಿದೆ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಪುಟ್ಟ ಮಕ್ಕಳಿರುವ ಮನೆಯಲ್ಲಿ ಇದು ಬೇಡ. ಶಿರಸಿಯವರ ಮನೆಗೆ ಬಂದಿದ್ದ ಅಜ್ಜಿ ನಾವು ಹಣ ಕೊಟ್ಟು ತರಿಸಿದ್ದ ಮೊದಲ ಗೆಡ್ಡೆಯನ್ನು ತಿರುಗಿಸಿ ನೋಡಿ, "ಗೌರಿ ಹೂವಿನ ಗೆಡ್ಡೆಗೂ ದುಡ್ಡು ಕೊಡ್ತಾರೇನ್ರೋ? ಬೇಲಿಗೆ ಯಾರು ಕೊಟ್ಟಿದ್ದರು ದುಡ್ಡು?" ಎಂದರು. ನಾವು ಬೀಜದ ಕಡೆ ತಿರುಗಿದ್ದಕ್ಕೆ ಆ ಮಾತೂ ಒಂದು ಕಾರಣ.

ಬೀಜದಿಂದ ಬಂದದ್ದೆಲ್ಲ ಚೆಂದವೆಂದು ನಾವು ಹೇಳುವುದಿಲ್ಲ. ಮೊದಲ ತಂಡದ ಹಿಪ್ಪಿಯಾಸ್ಟ್ರಮ್‌ಗಳಲ್ಲಿ ಹೂ ಬಿಟ್ಟವು ಹನ್ನೊಂದು. ಅವುಗಳಲ್ಲಿ ಎಂಟು ತಾಯಂದಿರಿಗಿಂತ ಕಳಪೆ: ಒಂದರ ಕೆಂಪು ತೊಳೆದ ಲುಂಗಿಯಂತೆ, ಇನ್ನೊಂದರ ದಂಟು ಹೂವಿನ ಭಾರ ತಾಳದೆ ಮಲಗಿತು. ಎರಡು ಪರವಾಗಿಲ್ಲ. ಒಂದು ಮಾತ್ರ ಇಟ್ಟಿಗೆಗೆಂಪಿನ ಮೇಲೆ ಹಸಿರುಗೆರೆ ಎಳೆದುಕೊಂಡು, ಇದುವರೆಗೆ ನಾವು ಯಾವ ಅಂಗಳದಲ್ಲೂ ಕಾಣದ ಮುಖ ಹೊತ್ತು ಬಂತು. ಮಳೆ ಲಿಲ್ಲಿಯಲ್ಲಿ ಈ ಆಟ ನಡೆಯುವುದಿಲ್ಲ. ಅವುಗಳಲ್ಲಿ ಹಲವು ಪರಾಗದ ಗುಣ ಸೇರಿಸಿಕೊಳ್ಳದೆಯೇ ಬೀಜ ಕಟ್ಟಿ ತಾಯಿಯನ್ನೇ ಮತ್ತೆ ಹೆರುತ್ತವೆ. ಮಳೆ ಬಿದ್ದ ನಾಲ್ಕೈದು ದಿನಕ್ಕೆ ಹೂ, ತಿಂಗಳೊಳಗೆ ಕಪ್ಪು ಬೀಜ, ಒಂದೆರಡು ವರ್ಷದಲ್ಲಿ ಮತ್ತೆ ಹೂ. ಆತುರದವರಿಗೆ ಅದೇ ಮೊದಲ ಪಾಠವಾಗಲಿ.

ಆ ಇಟ್ಟಿಗೆಗೆಂಪಿನ ಹೂವನ್ನು ಒಂದು ಪುಷ್ಪಪ್ರದರ್ಶನಕ್ಕೆ ಒಯ್ದೆವು. ಯಾವ ಪ್ರದರ್ಶನ, ಯಾರ ಆಶ್ರಯದ್ದು ಎಂಬುದು ಇಲ್ಲಿ ಬೇಡ. ತಳಿಯ ಹೆಸರು ಬರೆಯಿರಿ ಎಂದರು. ಹೆಸರಿಲ್ಲ, ನಮ್ಮ ಹಿತ್ತಲಿನಲ್ಲಿ ಬೀಜದಿಂದ ಹುಟ್ಟಿದ್ದು ಎಂದೆವು. ಹೆಸರಿಲ್ಲದ ಗಿಡಕ್ಕೆ ವರ್ಗವಿಲ್ಲ ಎಂದು ಅರ್ಜಿಯನ್ನು ಹಿಂದಿರುಗಿಸಿದರು. ಆ ವರ್ಗದಲ್ಲಿ ಪ್ರಥಮ ಬಹುಮಾನ ಬಂದದ್ದು ಆರು ವಾರದ ಹಿಂದೆ ಕೊಂಡ ಆಮದು ಗೆಡ್ಡೆಗೆ. ಕುಂಡದ ಮೇಲೆ ನರ್ಸರಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಬಹುಮಾನ ಬಂದವರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ (ಸ್ವಲ್ಪ ಇತ್ತು, ಈಗಿಲ್ಲ). ಆದರೆ ಅದು ಯಾರ ಬಹುಮಾನ? ಕೊಂಡವರದೋ, ಶೈತ್ಯಾಗಾರದ್ದೋ? ಅಡುಗೆ ಸ್ಪರ್ಧೆಯಲ್ಲಿ ಹೋಟೆಲಿನ ಪಾರ್ಸೆಲ್ಲಿಗೆ ಬಹುಮಾನ ಕೊಡುವ ತೀರ್ಪುಗಾರರುಂಟೇ? ಬೀಜದಿಂದ ಬೆಳೆದ ಗೆಡ್ಡೆಹೂಗಳಿಗೆ ಒಂದು ಮೇಜು, ಒಂದೇ ಮೇಜು ಪ್ರತ್ಯೇಕವಾಗಿ ಇಡಿ ಎಂಬುದು ನಮ್ಮ ಬೇಡಿಕೆ. ಲಾಲ್‌ಬಾಗಿನ ಜನವರಿ, ಆಗಸ್ಟ್ ಪ್ರದರ್ಶನಗಳನ್ನು ನೋಡುತ್ತ ಬೆಳೆದವರು ನಾವು. ಕರ್ನಾಟಕದಲ್ಲಿಯೂ ಜಿಲ್ಲೆ ಜಿಲ್ಲೆಯ ಸಂಘಗಳು ಈ ಮಾತನ್ನು ಕಿವಿಗೆ ಹಾಕಿಕೊಳ್ಳಬಹುದು.

ಹೆಸರಿಲ್ಲದ ಮಿಶ್ರಸಂತಾನದ ಬಗೆಗಿನ ಈ ಅಳುಕು ಹೊಸದಲ್ಲ. ಷೇಕ್ಸ್‌ಪಿಯರನ 'ದಿ ವಿಂಟರ್ಸ್ ಟೇಲ್' ನಾಟಕದ ನಾಲ್ಕನೆಯ ಅಂಕದಲ್ಲಿ ಪರ್ಡಿಟಾ ಪಟ್ಟೆಪಟ್ಟೆಯ ಹೂಗಿಡಗಳನ್ನು ತನ್ನ ತೋಟಕ್ಕೆ ಸೇರಿಸಲು ಒಪ್ಪುವುದಿಲ್ಲ, ಅವು ಮನುಷ್ಯನ ಕೈವಾಡದ ಮಿಶ್ರಗಳೆಂದು. ವೇಷ ಮರೆಸಿ ಬಂದ ದೊರೆ ಪಾಲಿಕ್ಸಿನೀಸ್, ಆ ಕೈವಾಡವೂ ಪ್ರಕೃತಿಯದೇ ಎಂದು ವಾದಿಸುತ್ತಾನೆ. ಮರುಗಳಿಗೆಗೆ ಅದೇ ದೊರೆ, ಕುರುಬರ ಹುಡುಗಿಯೆಂದು ತಾನು ತಿಳಿದ ಅವಳನ್ನು ತನ್ನ ಮಗ ಮದುವೆಯಾಗುವುದಕ್ಕೆ ಕೆಂಡವಾಗುತ್ತಾನೆ. ಹೂವಿನಲ್ಲಿ ಒಪ್ಪಿದ್ದನ್ನು ಮನೆಯಲ್ಲಿ ಒಪ್ಪಲಾರ. ನಮ್ಮ ತೀರ್ಪುಗಾರರು ಹೂವಿನಲ್ಲೂ ಒಪ್ಪಲಿಲ್ಲ. ಆ ಮಟ್ಟಿಗೆ ಅವರು ಹೆಚ್ಚು ಪ್ರಾಮಾಣಿಕರು.

ತಳೇಗಾಂವದವರಿಗೆ ಹೇಳಲು ನಮ್ಮ ಬಳಿ ಅವರದೇ ಒಂದು ನೆನಪಿದೆ. ಸ್ವದೇಶಿ ಚಳವಳಿಯ ಕಾಲದಲ್ಲಿ ಶಾಲಾಮಾಸ್ತರರಾಗಿದ್ದ ಅಂತಾಜಿ ದಾಮೋದರ ಕಾಳೆ ಮನೆಮನೆಯಿಂದ ಪೈಸೆ ಪೈಸೆ ಕೂಡಿಸುವ ಪೈಸಾ ಫಂಡ್ ಎಂಬುದನ್ನು ಹೂಡಿದರು. ಲೋಕಮಾನ್ಯ ತಿಲಕರು ಬೆಂಬಲಕ್ಕೆ ನಿಂತರು. ಆ ಹಣದಿಂದ 1908ರಲ್ಲಿ ಈ ಊರಿನಲ್ಲಿ ಗಾಜಿನ ಕಾರ್ಖಾನೆ ಎದ್ದಿತು. ವಿದೇಶದ ಗಾಜು ನುಣುಪಾಗಿಯೂ ಅಗ್ಗವಾಗಿಯೂ ಸಿಗುತ್ತಿದ್ದ ಕಾಲವದು. ಕೊಂಡುಬಿಡುವುದು ಸುಲಭವಿತ್ತು. ಇಲ್ಲಿ ಕೆಲಸ ಕಲಿತವರು ದೇಶದ ಬೇರೆ ಕಡೆಯ ಗಾಜಿನ ಕಾರ್ಖಾನೆಗಳಿಗೆ ಹೋಗಿ ನಿಂತರು. ನಾವು ಕೇಳುತ್ತಿರುವುದು ಪೈಸೆಯನ್ನೂ ಅಲ್ಲ. ಮನೆಗೊಂದು ಕಾಯಿಯನ್ನು ಗಿಡದ ಮೇಲೆ ಬಿಡಿ, ಒಂದು ಅಡಿ ಪಾತಿಯನ್ನು ಎರಡು ಮಳೆಗಾಲ ಕೆದಕಬೇಡಿ, ಅಷ್ಟೆ.

ಕಸದ ರಾಶಿಯಿಂದ ನಾವು ಆಯ್ದ ಗೆಡ್ಡೆಗಳಲ್ಲಿ ಹದಿನೇಳು ಚಿಗುರಿವೆ. ಗುತ್ತಿಗೆದಾರರು ಮಾತಿಗೆ ತಪ್ಪದೆ ಹೊಸ ಗೆಡ್ಡೆಗಳನ್ನೂ ಹಾಕಿಸಿದರು. ಅವು ಹೂ ಬಿಟ್ಟವು, ಮೇಲಧಿಕಾರಿಗಳು ಮೆಚ್ಚಿದರು ಎಂದು ಕೇಳಿದೆವು. ಈಗ ಹದಿನೇಳರ ಪಾತಿಯ ಸುತ್ತ ಬಿದಿರುಕಡ್ಡಿ ನೆಟ್ಟು, ಮರಾಠಿಯಲ್ಲಿಯೂ ಹಿಂದಿಯಲ್ಲಿಯ "ಇದು ಹುಲ್ಲಲ್ಲ" ಎಂಬ ಹಲಗೆ ತೂಗುಹಾಕಿದ್ದೇವೆ.

ಕಲಬುರಗಿಯವರಿಗೆ ಕಳೆದ ತಿಂಗಳು ವರ್ಗಾವಣೆಯ ಆದೇಶ ಬಂತು. ಅವರು ಹೊರಡುವ ಮೊದಲು ವಸತಿಗೃಹದ ಬೇಲಿಯ ವಿಷಮುಂಗಲಿಯಿಂದ ಹನ್ನೆರಡು ಬೀಜ ಆಯ್ದು ಕಚೇರಿಗೆ ತಂದು, ಬೇಕಾದವರು ಒಯ್ಯಲೆಂದು ಮೇಜಿನ ಮೇಲಿಟ್ಟರು. ಸುಲಿದ ಬೆಳ್ಳುಳ್ಳಿಗಿಂತ ದಪ್ಪನಾದ ಹಸಿರು ಉಂಡೆಗಳು. ಬೇರೆ ಬೀಜಗಳಂತೆ ಇವಕ್ಕೆ ಗಟ್ಟಿ ಸಿಪ್ಪೆಯಿಲ್ಲ, ಒಣಗಿಸಿ ಡಬ್ಬಿಯಲ್ಲಿಡಲೂ ಆಗದು. ಮೂರು ವಾರ ಯಾರೂ ಒಯ್ಯಲಿಲ್ಲ. ಮೊನ್ನೆ ಸೋಮವಾರ ನೋಡುತ್ತೇವೆ, ನೀರಿಲ್ಲ, ಮಣ್ಣಿಲ್ಲ, ಒಂದು ಬೀಜ ಬಾಕಿ ಕಡತಗಳ ಮೇಲೆಯೇ ಬಿಳಿಯ ಬೇರು ಬಿಟ್ಟಿದೆ. ಅದನ್ನು ಕುಂಡಕ್ಕೆ ಹಾಕಿದೆವು. ಹನ್ನೊಂದು ಉಳಿದಿವೆ.